ಸೋಲು ಯಾರ ಲೆಕ್ಕಕ್ಕೆ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ – ಯಾವ ಊರಿನ ಬಯಲಾದರೂ ಸರಿಯೆ, ಕ್ರಿಕೆಟ್ ಪಂದ್ಯ ಮುಗಿದೊಡನೆ ಸೋತ ಪಕ್ಷದಲ್ಲಿ ಒಂದು ಪ್ರಶ್ನೆ ಏಳುವುದು ಸಹಜ: ಈ ಸೋಲಿಗೆ ಹೊಣೆ ಯಾರು? ಕ್ರಿಕೆಟ್ಟಿನ ದಾಖಲೆಯು ಇದಕ್ಕೆ ಉತ್ತರ ಕೊಡುವುದಿಲ್ಲ. ಸೋಲನ್ನು ತಂಡದ ಹೆಸರಿಗೆ ಬರೆಯುತ್ತದೆ. ಅಮೆರಿಕದ ಬೇಸ್‌ಬಾಲ್ ಆಟದ ಪದ್ಧತಿ ಬೇರೆ. ಅಲ್ಲಿ ಚೆಂಡೆಸೆಯುವವನಿಗೆ ಪಿಚರ್ ಎಂದು ಹೆಸರು. ಎದುರಾಳಿಗಳಿಗೆ ಕೊನೆಯವರೆಗೂ ಉಳಿಯುವ ಮುನ್ನಡೆಯನ್ನು ತಂದ ಓಟವು ಯಾವ ಪಿಚರನ ಲೆಕ್ಕದ್ದೋ, ಪಂದ್ಯದ ಸೋಲೂ ಅವನ ಖಾತೆಗೇ ಸೇರುತ್ತದೆ. ಈ ಸಂಖ್ಯೆಯು ಅವನ ಯೋಗ್ಯತೆಯನ್ನು ನಿಜವಾಗಿ ಅಳೆಯುತ್ತದೆಯೆ? ಪರಿಶೀಲಿಸೋಣ.

೨೦೨೫ರಲ್ಲಿ ಪಿಟ್ಸ್‌ಬರ್ಗ್ ತಂಡದ ಪಾಲ್ ಸ್ಕೀನ್ಸ್ ಎಂಬ ೨೩ ವರ್ಷದ ತರುಣನ ಖಾತೆಯಲ್ಲಿ ೧೦ ಗೆಲುವು, ೧೦ ಸೋಲು ಇದ್ದವು. ಅವನ ಸಮಕಾಲೀನನಾದ ಫಿಲಡೆಲ್ಫಿಯಾ ತಂಡದ ಕ್ರಿಸ್ಟೋಫರ್ ಸಾಂಚೆಸ್ ೧೩ ಗೆದ್ದು ೫ ಮಾತ್ರ ಸೋತಿದ್ದನು. ಇಷ್ಟನ್ನೇ ನೋಡಿದವರು ಸಾಂಚೆಸನೇ ಮೇಲೆಂದಾರು. ಆದರೆ ಪಿಚರನು ೯ ಇನಿಂಗ್ಸಿಗೆ ಸರಾಸರಿ ಎಷ್ಟು ಓಟ ಬಿಟ್ಟುಕೊಟ್ಟನೆಂಬ ಮತ್ತೊಂದು ಅಳತೆಯುಂಟು. ಜೊತೆ ಆಟಗಾರರ ತಪ್ಪಿನಿಂದ ಬಂದ ಓಟಗಳನ್ನು ಇದರಲ್ಲಿ ಸೇರಿಸುವುದಿಲ್ಲ. ಆ ಅಳತೆಯಲ್ಲಿ ಸ್ಕೀನ್ಸ್ ೧.೯೭, ಸಾಂಚೆಸ್ ೨.೫೦. ಕಡಿಮೆಯಾದಷ್ಟೂ ಉತ್ತಮ! ಆ ವರ್ಷದ ಶ್ರೇಷ್ಠ ಪಿಚರನಿಗೆ ಸಲ್ಲುವ ಸೈ ಯಂಗ್ ಪಾರಿತೋಷಕವನ್ನು ತೀರ್ಪುಗಾರರು ಸರ್ವಾನುಮತದಿಂದ ಸ್ಕೀನ್ಸನಿಗೇ ಕೊಟ್ಟರು.

ಹಾಗಾದರೆ ೧೦ ಸೋಲು ಎಲ್ಲಿಂದ ಬಂದವು? ತಂಡದ ಬ್ಯಾಟಿನಿಂದ. ೧೬೨ ಪಂದ್ಯಗಳಲ್ಲಿ ಪಿಟ್ಸ್‌ಬರ್ಗ್ ೯೧ನ್ನು ಸೋತಿತು. ಫಿಲಡೆಲ್ಫಿಯಾ ೬೬ನ್ನು ಮಾತ್ರ. ಸ್ಕೀನ್ಸನ ಲೆಕ್ಕದವನ್ನು ಕಳೆದರೆ ಪಿಟ್ಸ್‌ಬರ್ಗಿಗೆ ಉಳಿಯುವುದು ೬೧ ಗೆಲುವು, ೮೧ ಸೋಲು. ಎಂದರೆ ನೂರಕ್ಕೆ ೫೭ ಸೋಲು. ಸ್ಕೀನ್ಸನದು ನೂರಕ್ಕೆ ೫೦. ಸೋಲುವ ಮನೆಯಲ್ಲಿಯೂ ಅವನು ಸೋಲನ್ನು ತಗ್ಗಿಸಿದ್ದನು.

ನಮ್ಮ ನಾಡಿನ ನಿದರ್ಶನವನ್ನೇ ನೋಡಿರಿ. ೧೯೯೯ರ ಫೆಬ್ರವರಿಯಲ್ಲಿ ಕಲ್ಕತ್ತೆಯಲ್ಲಿ ನಡೆದ ಟೆಸ್ಟಿನಲ್ಲಿ ಮೈಸೂರಿನ ಜಾವಗಲ್ ಶ್ರೀನಾಥರು ಪಾಕಿಸ್ತಾನದ ವಿರುದ್ಧ ೧೩೨ ಓಟಗಳಿಗೆ ೧೩ ವಿಕೆಟ್ ಪಡೆದರು. ಗೆಲ್ಲಲು ೨೭೯ ಓಟ ಬೇಕಿದ್ದ ಭಾರತವು ೨೩೨ಕ್ಕೆ ಕುಸಿದು, ೪೬ ಓಟಗಳಿಂದ ಸೋತಿತು. ಈ ಸೋಲನ್ನು ಶ್ರೀನಾಥರ ತಲೆಗೆ ಕಟ್ಟುವುದು ನ್ಯಾಯವೆ?

ವಿಜಯಪುರದ ರಾಜೇಶ್ವರಿ ಗಾಯಕವಾಡರ ಅನುಭವವೂ ಇಂಥದೇ. ೨೦೧೭ರ ಜುಲೈ ೧೫ರಂದು ಡರ್ಬಿಯಲ್ಲಿ ನಡೆದ ವಿಶ್ವಕಪ್ ಪಂದ್ಯದಲ್ಲಿ ಅವರು ೧೫ ಓಟಗಳಿಗೆ ೫ ವಿಕೆಟ್ ಪಡೆದರು. ನ್ಯೂಜಿಲೆಂಡ್ ೭೯ಕ್ಕೆ ಮುಗಿಯಿತು. ಎಂಟು ದಿನಗಳ ತರುವಾಯ ಲಾರ್ಡ್ಸಿನ ಅಂತಿಮ ಪಂದ್ಯದಲ್ಲಿ, ೩ ವಿಕೆಟಿಗೆ ೧೯೧ ಓಟ ಮಾಡಿದ್ದ ಭಾರತವು ಕೊನೆಯ ೭ ವಿಕೆಟ್‌ಗಳನ್ನು ೨೮ ಓಟಗಳಲ್ಲಿ ಕಳೆದುಕೊಂಡು ೯ ಓಟಗಳಿಂದ ಸೋತಿತು.

ಒಟ್ಟು ಸಂಖ್ಯೆಯೂ ಮೋಸಗೊಳಿಸಬಲ್ಲದು. ಮೇಲೆ ಹೇಳಿದ ಪಾರಿತೋಷಕಕ್ಕೆ ಹೆಸರು ಕೊಟ್ಟ ಸೈ ಯಂಗನು ೫೧೧ ಪಂದ್ಯಗಳನ್ನು ಗೆದ್ದವನು. ಅತ್ಯಧಿಕ ಸೋಲುಗಳ ದಾಖಲೆಯೂ ಅವನದೇ – ೩೦೦ಕ್ಕೂ ಹೆಚ್ಚು! ಅಷ್ಟು ಸಲ ಸೋಲಬೇಕಾದರೆ ಅಷ್ಟು ಸಲ ಚೆಂಡು ಅವನ ಕೈಗೆ ಬರಬೇಕು. ದುರ್ಬಲನಿಗೆ ಆ ಅವಕಾಶ ಒದಗುವುದಿಲ್ಲ.

ರೈತರು ಈ ತತ್ತ್ವವನ್ನು ಬಲ್ಲರು. ಮಳೆ ಕೈಕೊಟ್ಟ ವರ್ಷ ಬಾಗೇವಾಡಿಯ ಬಿಳಿಜೋಳದ ಹೊಲವನ್ನು ಹೊಳೆದಂಡೆಯ ಹೊಲದೊಡನೆ ಹೋಲಿಸುವುದಿಲ್ಲ. ಅದೇ ಮಳೆ ಕಂಡ ಪಕ್ಕದ ಹೊಲದೊಡನೆ ಹೋಲಿಸುತ್ತಾರೆ. ಸಂಖ್ಯಾಶಾಸ್ತ್ರವು ಕಲಿಸುವುದೂ ಇದನ್ನೇ: ಹೋಲಿಕೆಗೆ ಮೊದಲು ಸನ್ನಿವೇಶವನ್ನು ಸಮಮಾಡಿರಿ, ಒಟ್ಟನ್ನು ಬಿಟ್ಟು ಪ್ರಮಾಣವನ್ನು ನೋಡಿರಿ, ಒಂದೆರಡು ಪಂದ್ಯಗಳಿಂದ ತೀರ್ಪು ಕೊಡಬೇಡಿರಿ.

ವಿದ್ಯಾರ್ಥಿಗಳು ತಮ್ಮ ಶಾಲೆಯ ತಂಡದ ಪ್ರತಿಯೊಬ್ಬ ಬೌಲರನ ಓವರು, ಓಟ, ವಿಕೆಟ್‌ಗಳನ್ನು ಒಂದು ವರ್ಷ ಬರೆದಿಡಲಿ. ಪಕ್ಕದಲ್ಲಿ ತಂಡವು ಬ್ಯಾಟಿನಿಂದ ಗಳಿಸಿದ ಓಟಗಳನ್ನೂ ಬರೆಯಲಿ. ಸೋಲಿಗೆ ಹೊಣೆಯೆಂದು ಯಾರನ್ನು ತಂಡದಿಂದ ಕೈಬಿಡಬೇಕೆಂದಿದ್ದರೋ, ಅವನೇ ತಂಡದ ಆಧಾರವೆಂಬುದು ಆಗ ತಿಳಿದೀತು.