ಬೇಲಿಯ ತೊಂಡೆ, ಕಾವ್ಯದ ಬಿಂಬ

ತೊಂಡೆವಣ್ಣಿನಂಥ ತುಟಿ ಎಂಬ ಹೋಲಿಕೆ ಪಾಠದಲ್ಲಿ ಬಂದಾಗಲೆಲ್ಲ ತರಗತಿಯಲ್ಲಿ ನಗು ಏಳುವುದುಂಟು. ಮಕ್ಕಳ ತಪ್ಪೇನೂ ಇಲ್ಲ. ಅವರು ಬಲ್ಲದ್ದು ಪಲ್ಯದ ತೊಂಡೆಕಾಯಿಯನ್ನು; ಹಸಿರು ತುಟಿಯ ನಾಯಿಕೆಯನ್ನು ಯಾರು ತಾನೆ ಮೆಚ್ಚಿಯಾರು! ಕವಿಗಳು ಕಂಡದ್ದು ಬೇಲಿಯ ಮೇಲೆ ಕಳಿತ ಹಣ್ಣನ್ನು. ಸಂಸ್ಕೃತದ ಬಿಂಬಫಲ ಇದೇ. ಮೇಘದೂತದಲ್ಲಿ ಕಾಳಿದಾಸನ ಯಕ್ಷನು ಮಡದಿಯ ತುಟಿಗೆ ಹೋಲಿಸುವುದೂ ಇದನ್ನೇ. ಅದೂ ಬರಿಯ ಬಿಂಬವಲ್ಲ, ಮಾಗಿದ ಬಿಂಬ.

ಊರ ಹೊರಗೆ ಮುಳ್ಳುಬೇಲಿ ಉಳಿದಿರುವ ಕಡೆ ಈ ಬಳ್ಳಿಯನ್ನು ತಾವು ಈಗಲೂ ಕಾಣಬಹುದು. ಆಸರೆ ಸಿಕ್ಕರೆ ಏರುತ್ತದೆ, ಸಿಗದಿದ್ದರೆ ನೆಲದ ಮೇಲೆಯೇ ಹರಿಯುತ್ತದೆ. ನೆಲದೊಳಗೆ ಗಡ್ಡೆಯಂಥ ದಪ್ಪ ಬೇರು ಇರುವುದರಿಂದ ಮೇಲೆ ಕಡಿದರೂ ಮತ್ತೆ ಚಿಗುರುತ್ತದೆ. ಹೂವು ಬಿಳಿ, ಐದು ಮೊನೆಯ ನಕ್ಷತ್ರದಂತೆ. ಕಾಡುಬಳ್ಳಿಯ ಕಾಯಿ ಹೆಚ್ಚಾಗಿ ಕಹಿ. ಹಣ್ಣಾದಾಗ ಒಳಗೂ ಹೊರಗೂ ಕೆಂಪೇರಿ ಸಪ್ಪೆಸಿಹಿಯಾಗುತ್ತದೆ. ಹಕ್ಕಿಗಳು ಅದನ್ನು ತಿಂದು ಬೀಜವನ್ನು ಇನ್ನೊಂದು ಬೇಲಿಗೆ ಸಾಗಿಸುತ್ತವೆ. ಈ ಗುಣದಿಂದಲೇ ಹವಾಯಿ ದ್ವೀಪಗಳಲ್ಲಿ ಇದು ಮರಗಳನ್ನೇ ಮುಚ್ಚಿಬಿಡುವ ಕಳೆಯೆನಿಸಿದೆ.

ಕೆಲವರು, “ನಮ್ಮ ತೊಂಡೆ ತುಂಬ ಹೂ ಬಿಡುತ್ತದೆ, ಒಂದು ಕಾಯೂ ಇಲ್ಲ” ಎಂದು ಕೊರಗುತ್ತಾರೆ. ಗೊಬ್ಬರದ ಕೊರತೆಯಲ್ಲ, ದೃಷ್ಟಿ ತಾಗಿದ್ದೂ ಅಲ್ಲ, ಅದು ಗಂಡುಬಳ್ಳಿ. ಕುಂಬಳ, ಸೌತೆಗಳಲ್ಲಿ ಒಂದೇ ಬಳ್ಳಿಯಲ್ಲಿ ಎರಡು ಬಗೆಯ ಹೂಗಳಿದ್ದರೆ, ತೊಂಡೆಯಲ್ಲಿ ಗಂಡೇ ಬೇರೆ, ಹೆಣ್ಣೇ ಬೇರೆ. ಹೆಣ್ಣುಹೂವಿನ ಎಸಳುಗಳ ಕೆಳಗೆ ಪುಟ್ಟ ಕಾಯಿಯ ಆಕಾರವಿರುತ್ತದೆ, ಗಂಡಿಗೆ ಬರಿಯ ತೊಟ್ಟು. ಬೀಜ ಊರಿದರೆ ಯಾವುದು ಬಂದೀತೆಂದು ಹೇಳಲಾಗದು. ಆದ್ದರಿಂದಲೇ ತೋಟದವರು ಒಳ್ಳೆಯ ಕಾಯಿ ಬಿಡುವ ಬಳ್ಳಿಯ ಬಲಿತ ತುಂಡನ್ನೇ ನೆಡುತ್ತಾರೆ. ತಾವೂ ಹಾಗೆಯೇ ಮಾಡಬಹುದು.

ಮಕ್ಕಳನ್ನು ಬೇಲಿಯ ಬಳಿಗೆ ಕರೆದೊಯ್ಯುವವರು ಒಂದನ್ನು ಗಮನಿಸಬೇಕು. ಅದೇ ಬೇಲಿಯಲ್ಲಿ ಲಿಂಗತೊಂಡೆಯೂ ಹಬ್ಬಿರುವುದುಂಟು. ಅದರ ಹಣ್ಣೂ ಕೆಂಪು, ಆದರೆ ವಿಷ. ತೊಂಡೆಯ ಹಣ್ಣು ನೀಳ, ಲಿಂಗತೊಂಡೆಯದು ಗೋಲಿಯಂತೆ ಗುಂಡು. ಎಳೆಯದರಲ್ಲಿ ಎರಡಕ್ಕೂ ಬಿಳಿಯ ಗೆರೆಗಳಿರುತ್ತವೆ. ತೊಂಡೆ ಹಣ್ಣಾದಾಗ ಅವು ಮಾಸುತ್ತವೆ, ಲಿಂಗತೊಂಡೆಯಲ್ಲಿ ಕೆಂಪಿನ ಮೇಲೂ ಎದ್ದು ಕಾಣುತ್ತವೆ. ಅದರ ಬೀಜ ಪಾಣಿಪೀಠದ ಮೇಲಿನ ಲಿಂಗದಂತಿದೆ. ಹೆಸರು ಬಂದದ್ದು ಅದರಿಂದ.