85 ದಿನದ ಸೋಯಾ ಯಾರಿಗೆ ಸೈ?

ನಮ್ಮ ಬೀದರ ಸೀಮೆಯ ಎರೆಹೊಲದಲ್ಲಿ ಮುಂಗಾರಿಗೆ ಸೋಯಾ, ಹಿಂಗಾರಿಗೆ ಕಡಲೆ. ಸೋಯಾ ಅಂದರೆ ಬಹಳ ವರ್ಷ ಜೆ.ಎಸ್. 335 ತಳಿಯೇ. 1994ರಲ್ಲಿ ಬಂದದ್ದು, ಕೊಯ್ಲಿಗೆ 95-100 ದಿನ ಬೇಕು. ಅದನ್ನು ಕೊಟ್ಟ ಜಬಲ್‌ಪುರದ ಕೃಷಿ ವಿಶ್ವವಿದ್ಯಾಲಯದ್ದೇ ಇನ್ನೊಂದು ತಳಿ ಜೆ.ಎಸ್. 95-60. ಇದು 2007ರದ್ದು, ಸುಮಾರು 85 ದಿನಕ್ಕೆ ಕೊಯ್ಲಿಗೆ ಬರುತ್ತದೆ. ನಾನು ಎರಡನ್ನೂ ಬೆಳೆದಿದ್ದೇನೆ.

ಗುರುತು ಸುಲಭ. ಗಿಡ ಗಿಡ್ಡ, ನೆಟ್ಟಗೆ, ಹೂ ನೇರಳೆ. ಕೆಲವು ಕಾಯಿಯಲ್ಲಿ ನಾಲ್ಕು ಕಾಳು, ಕಾಳೂ ದಪ್ಪ. ಆದರೆ ಕವಲು ಕಡಿಮೆ. ಹಾಗಾಗಿ ಗಿಡ ಒತ್ತಾಗಿರಬೇಕು. 335ಕ್ಕೆ ಎಕರೆಗೆ 25 ಕಿಲೋ ಬೀಜ ಸಾಕು, ಇದಕ್ಕೆ ನಾನು 30 ಕಿಲೋ ಹಾಕ್ತೇನೆ. ಸಾಲಿನ ಅಂತರ ಒಂದಡಿ. ಒಂದಿಂಚಿಗಿಂತ ಆಳಕ್ಕೆ ಬೀಳಬಾರದು. ದಪ್ಪ ಕಾಳಿನ ಸಿಪ್ಪೆ ಬೇಗ ಪೆಟ್ಟು ತಿನ್ನುತ್ತದೆ. ಬಿತ್ತುವ ಮೊದಲು ನೂರು ಕಾಳು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಡಿ. ಎಪ್ಪತ್ತಾದರೂ ಮೊಳೆಯಬೇಕು.

ಕಡಿಮೆ ದಿನದ ಬೆಳೆಗೆ ಸುಧಾರಿಸಿಕೊಳ್ಳಲು ಪುರುಸೊತ್ತಿಲ್ಲ. ಒಂದು ತಿಂಗಳು ದಾಟುತ್ತಲೇ ಹೂವು. ಅಷ್ಟರೊಳಗೆ ಎರಡು ಸಲ ಎಡೆ ಹೊಡೆದು ಕಳೆ ತೆಗೆದಿರಬೇಕು. ಸೋಯಾ ಹಗಲಿನ ಉದ್ದ ನೋಡಿ ಹೂ ಬಿಡುವ ಗಿಡ. ಹಗಲು ಕುಗ್ಗಿದಂತೆ ಹೂ ಬೇಗ ಬರುತ್ತದೆ. ಜುಲೈ ಕೊನೆಗೆ ಬಿತ್ತಿದರೆ ಗಿಡ ಬೆಳೆಯುವ ಮೊದಲೇ ಹೂ ಬಿಟ್ಟು ಇಳುವರಿ ಕುಸಿಯುತ್ತದೆ. "ತಡವಾಯ್ತು, ಬೇಗ ಬರೋ ತಳಿ ಹಾಕಿದ್ರಾಯ್ತು" ಅನ್ನೋ ಮಾತು ಅರ್ಧ ಮಾತ್ರ ನಿಜ.

ಉಳಿದ ಹತ್ತು-ಹದಿನೈದು ದಿನದ ಬೆಲೆ ತಿಳಿಯುವುದು ಕಡಲೆಯಲ್ಲಿ. ಮಿರಗದ ಕೊನೆಗೆ, ಜೂನ್ 20ಕ್ಕೆ ಬಿತ್ತಿದರೆ ಸೆಪ್ಟೆಂಬರ್ ನಡುವಿಗೆ ಹೊಲ ಖಾಲಿ. ನೆಲದ ಹಸಿ ಆರುವ ಮೊದಲು ಕಡಲೆ ಬಿತ್ತಬಹುದು. ನೀರಾವರಿ ಇಲ್ಲದವರಿಗೆ ಇದೇ ದೊಡ್ಡ ಲಾಭ.

ಅಪಾಯವೂ ಅಲ್ಲೇ ಇದೆ. ಉತ್ತರಿ ಮಳೆ ಹಿಡಿದರೆ ಮಾಗಿದ ಕಾಯಿಯಲ್ಲೇ ಕಾಳು ಕಪ್ಪಾಗುತ್ತದೆ, ಮೊಳೆಯುತ್ತದೆ. ಬಿಸಿಲು ಬಂತೆಂದು ಹಾಗೇ ಬಿಟ್ಟರೆ ಕಾಯಿ ಸಿಡಿಯುತ್ತದೆ. ಇದ್ದ ಹೊಲಕ್ಕೆಲ್ಲ ಇದೊಂದನ್ನೇ ಬಿತ್ತಬೇಡಿ. ಕಡಲೆ ಹಾಕುವಷ್ಟಕ್ಕೆ 95-60, ಉಳಿದದ್ದಕ್ಕೆ ದಿನ ಜಾಸ್ತಿಯ ತಳಿ ಇರಲಿ. ಕೊಯ್ಲೂ ಒಟ್ಟಿಗೇ ಬರದು, ಆಳಿಗೂ ಪರದಾಟವಿಲ್ಲ. ಹಿಂಗಾರು ಬೆಳೆ ಇಲ್ಲದವರು ಬರೀ ದಿನ ಕಡಿಮೆ ಅಂತ ಇದನ್ನು ಆರಿಸಬೇಕಾಗಿಲ್ಲ.