ಹಿಮ್ಮಡಿಯ ನರ ಮತ್ತು ಅದರ ಚಿತ್ರ

(ಬಾನುಲಿ ಭಾಷಣ)

ಕನ್ನಡದಲ್ಲಿ ‘ನರ’ ಎಂಬ ಮಾತು ಬಹು ಉದಾರವಾದುದು. ರಕ್ತ ಹರಿಯುವ ನಾಳವೂ ನರ, ಮಿದುಳಿನ ಆಜ್ಞೆಯನ್ನು ಒಯ್ಯುವ ತಂತುವೂ ನರ, ಮಾಂಸಖಂಡವನ್ನು ಎಲುಬಿಗೆ ಬಿಗಿಯುವ ಹುರಿಯೂ ನರವೇ. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗಿನ ನಮ್ಮ ಸೀಮೆಯಲ್ಲಿ ಯಾರಾದರೂ ‘ಹಿಮ್ಮಡಿ ನರ ಹಿಡ್ಕೊಂಡೈತಿ’ ಎಂದರೆ ಕೇಳಿದವರಿಗೆ ನೋವಿನ ಜಾಗ ತಿಳಿಯುತ್ತದೆ. ನೊಂದ ವಸ್ತು ಯಾವುದು, ಅದಕ್ಕೆ ಆದದ್ದೇನು ಎಂಬುದು ತಿಳಿಯುವುದಿಲ್ಲ. ಆಡುಮಾತಿಗೆ ಅಷ್ಟು ಸಾಕು, ಚಿಕಿತ್ಸೆಗೆ ಸಾಲದು. ದಣಿದ ಹುರಿಗೆ ಮಾಡುವ ಉಪಚಾರವೇ ಬೇರೆ, ಹರಿದ ಹುರಿಗೆ ಮಾಡುವುದೇ ಬೇರೆ. ಮೈಯನ್ನು ಕೊಯ್ಯದೆ ಒಳಗನ್ನು ಕಾಣಿಸುವ ವೈದ್ಯಕೀಯ ಚಿತ್ರಗಳು ಈ ಭೇದವನ್ನು ಎಷ್ಟರಮಟ್ಟಿಗೆ ತೋರಿಸಬಲ್ಲವು ಎಂಬುದೇ ಈ ಹೊತ್ತಿನ ವಿಷಯ.

ಮೀನಖಂಡದ ಎರಡು ಸ್ನಾಯುಗಳು ಕೆಳಗಿಳಿಯುತ್ತ ಒಂದಾಗಿ, ಸುಮಾರು 15 ಸೆಂಟಿಮೀಟರ್ ಉದ್ದದ ಹುರಿಯಾಗಿ ಹಿಮ್ಮಡಿಯ ಎಲುಬನ್ನು ಹಿಡಿಯುತ್ತವೆ. ಶಾಸ್ತ್ರಜ್ಞರು ಇದನ್ನು ಸ್ನಾಯುರಜ್ಜು ಎನ್ನುತ್ತಾರೆ. ದೇಹದಲ್ಲಿರುವ ರಜ್ಜುಗಳಲ್ಲೆಲ್ಲ ಇದೇ ದಪ್ಪ, ಇದೇ ಬಲಿಷ್ಠ. ಆದರೂ ಪಶ್ಚಿಮದವರು ಇದಕ್ಕೆ ಹಿಮ್ಮಡಿಯಲ್ಲಿ ಬಾಣ ತಗುಲಿ ಮಡಿದ ಗ್ರೀಕ್ ವೀರ ಅಕಿಲೀಸನ ಹೆಸರಿಟ್ಟರು. ಆ ಹಿಮ್ಮಡಿಯ ಕಥೆ ಹೋಮರನ ‘ಇಲಿಯಡ್’ನಲ್ಲಿಲ್ಲ, ಅನಂತರದ ಕವಿಗಳು ಬೆಳೆಸಿದ್ದು. ನಮ್ಮ ಮಹಾಭಾರತದಲ್ಲಿಯೂ ಕೃಷ್ಣನ ಅವಸಾನಕ್ಕೆ ಕಾರಣವಾದ ಬೇಡನ ಬಾಣ ನಾಟಿದ್ದು ಪಾದಕ್ಕೇ. ಬಲವಿರುವಲ್ಲಿಯೇ ದೌರ್ಬಲ್ಯವೂ ಅಡಗಿದೆಯೆಂಬ ಕವಿಗಳ ಊಹೆಗೆ ಶರೀರಶಾಸ್ತ್ರವೂ ಒಂದು ರೀತಿಯಲ್ಲಿ ಸಾಕ್ಷಿ ನುಡಿಯುತ್ತದೆ. ಎಲುಬಿಗೆ ಅಂಟಿದ ಜಾಗದಿಂದ ಮೇಲಕ್ಕೆ 2ರಿಂದ 6 ಸೆಂಟಿಮೀಟರ್ ಅಂತರದಲ್ಲಿ ಈ ರಜ್ಜುವಿಗೆ ರಕ್ತದ ಪೂರೈಕೆ ಕಡಿಮೆ. ಅದು ಜೀರ್ಣವಾಗುವುದೂ ಹರಿಯುವುದೂ ಹೆಚ್ಚಾಗಿ ಅಲ್ಲಿಯೇ.

ನಮ್ಮದು ನಡೆಯುವವರ ನಾಡು. ಭರತ ಹುಣ್ಣಿಮೆಯ ಹೊತ್ತಿಗೆ ಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕ ಕೇಳಲು, ಅದರ ಬೆನ್ನಿಗೇ ಕೊಟ್ಟೂರಿನ ಗುರುಬಸವೇಶ್ವರನ ತೇರು ನೋಡಲು, ಹಗಲಿರುಳೆನ್ನದೆ ಕಾಲ್ನಡಿಗೆಯಲ್ಲಿ ಬರುವವರು ಅಸಂಖ್ಯ. ವರ್ಷವೆಲ್ಲ ಹೊಲದಲ್ಲಿ ದುಡಿದ ಕಾಲಿಗೆ ಈ ನಡಿಗೆ ಭಾರವೆನಿಸದು; ವರ್ಷವೆಲ್ಲ ಅಂಗಡಿಯಲ್ಲಿ ಕುಳಿತ ಕಾಲಿಗೆ ಅದು ಅನಿರೀಕ್ಷಿತ ಹೊರೆ. ರಜ್ಜುವನ್ನು ಕೆಡಿಸುವುದು ದುಡಿತಕ್ಕಿಂತಲೂ ಒಮ್ಮೆಗೇ ಏರಿದ ದುಡಿತ. ಹಾಗೆಂದು ಪಳಗಿದ ದೇಹಕ್ಕೆ ಇದು ಬಾರದೆನ್ನುವಂತಿಲ್ಲ. 2023ರ ವಿಶ್ವಕಪ್ಪಿನಲ್ಲಿ 24 ವಿಕೆಟ್ ಪಡೆದ ಮೊಹಮ್ಮದ್ ಶಮಿ 2024ರ ಫೆಬ್ರವರಿಯಲ್ಲಿ ಇದೇ ಹಿಮ್ಮಡಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು.

ಇನ್ನು ಚಿತ್ರಗಳ ವಿಚಾರ. 1895ರಲ್ಲಿ ರಾಂಟ್‌ಜನ್ ಕಂಡುಹಿಡಿದ ಕ್ಷ-ಕಿರಣವು ಎಲುಬನ್ನು ಚೆನ್ನಾಗಿ ತೋರಿಸುತ್ತದೆ. ಹಿಮ್ಮಡಿಯ ಎಲುಬಿನ ಮುಳ್ಳು, ಉಬ್ಬು, ರಜ್ಜುವಿನಲ್ಲಿ ಸುಣ್ಣದಂತೆ ಗಟ್ಟಿಗೊಂಡ ಭಾಗ ಇವು ಕಾಣುತ್ತವೆ. ರಜ್ಜುವಿನ ಎಳೆಗಳು ಮಾತ್ರ ಕಾಣುವುದಿಲ್ಲ. ಆದುದರಿಂದ ‘ಎಕ್ಸ್-ರೇ ತೆಗೆಸಿದೆವು, ಏನೂ ಇಲ್ಲವಂತೆ’ ಎಂಬ ಸಮಾಧಾನ ಅರ್ಧ ಸತ್ಯ. ಎಲುಬಿಗೆ ಏನೂ ಆಗಿಲ್ಲವೆಂದಷ್ಟೇ ಅದರ ಅರ್ಥ.

ಎಳೆಗಳನ್ನು ಕಾಣಿಸುವುದು ಜನ ಸ್ಕ್ಯಾನಿಂಗ್ ಎಂದು ಕರೆಯುವ ಅಲ್ಟ್ರಾಸೌಂಡ್. ಕಿವಿಗೆ ಕೇಳಿಸದ ಸೂಕ್ಷ್ಮ ಧ್ವನಿಯನ್ನು ಒಳಗೆ ಕಳುಹಿಸಿ, ಮರಳಿದ ಪ್ರತಿಧ್ವನಿಯಿಂದ ಚಿತ್ರ ಬರೆಯುವ ಉಪಾಯವಿದು. ಬಾವಿಯಲ್ಲಿ ಕೂಗಿ ಅದರ ಆಳವನ್ನು ಅಂದಾಜು ಮಾಡಿದಂತೆ. ಈ ರಜ್ಜು ಚರ್ಮದ ಕೆಳಗೇ ಇರುವುದರಿಂದ ಪರೀಕ್ಷೆ ಸುಲಭ. ಆರೋಗ್ಯದ ರಜ್ಜು ನೂಲಿನ ಲಡಿಯಂತೆ, ಒತ್ತಾಗಿ ಸಾಲಿಟ್ಟ ಬೆಳ್ಳನೆಯ ಗೆರೆಗಳಾಗಿ ತೋರುತ್ತದೆ. ದಪ್ಪ ಸುಮಾರು 6 ಮಿಲಿಮೀಟರಿನೊಳಗೆ. ಜೀರ್ಣಗೊಂಡದ್ದು ಉಬ್ಬಿರುತ್ತದೆ, ಗೆರೆಗಳು ಕದಡಿರುತ್ತವೆ, ನಡುವೆ ಕಪ್ಪು ತೇಪೆಗಳಿರುತ್ತವೆ. ಡಾಪ್ಲರ್ ಎಂಬ ವಿಧಾನದಲ್ಲಿ ಹೊಸದಾಗಿ ನುಗ್ಗಿದ ಸಣ್ಣ ರಕ್ತನಾಳಗಳೂ ಕಾಣುತ್ತವೆ. ಇದರ ದೊಡ್ಡ ಗುಣವೆಂದರೆ ಚಲನೆಯನ್ನು ನೋಡಬಲ್ಲುದು. ಪಾದವನ್ನು ಮೆಲ್ಲನೆ ಮೇಲೆ ಕೆಳಗೆ ಆಡಿಸಿದಾಗ ಹರಿದ ರಜ್ಜುವಿನ ಎರಡು ತುದಿಗಳು ಅಗಲುವುದೂ ಕೂಡುವುದೂ ಕಣ್ಣೆದುರೇ ನಡೆಯುತ್ತದೆ. ಆದರೆ ಕೈ ಪಳಗಿರಬೇಕು. ಧ್ವನಿ ನೇರವಾಗಿ ಬೀಳದೆ ಓರೆಯಾಗಿ ಬಿದ್ದರೆ ಆರೋಗ್ಯದ ರಜ್ಜುವೂ ಕಪ್ಪಾಗಿ ಕಂಡು ರೋಗದ ಭ್ರಮೆ ಹುಟ್ಟಿಸುತ್ತದೆ. ಬಲ್ಲವರು ಇನ್ನೊಂದು ಕಾಲನ್ನೂ ನೋಡಿ ಹೋಲಿಸುತ್ತಾರೆ. ಎರಡೂ ಕಾಲಿನ ರಜ್ಜು ಸಮನಾಗಿ ಉಬ್ಬಿದ್ದರೆ, ಅದು ವಂಶಪಾರಂಪರ್ಯವಾಗಿ ಬಂದ ಕೊಲೆಸ್ಟರಾಲ್ ಶೇಖರಣೆಯಿರಬಹುದು. ಆಗ ಹಿಮ್ಮಡಿಯ ಚಿತ್ರ ಹೃದಯಕ್ಕೆ ಎಚ್ಚರಿಕೆ ಕೊಟ್ಟಂತೆ.

ಮೂರನೆಯದು ಅಯಸ್ಕಾಂತದ ಬಲದಿಂದ ಚಿತ್ರ ತೆಗೆಯುವ ಎಂ.ಆರ್.ಐ. ಇಲ್ಲಿ ಬಣ್ಣ ತಿರುವುಮುರುವು: ಆರೋಗ್ಯದ ರಜ್ಜು ಕಪ್ಪು, ಅದರಲ್ಲಿ ಮೂಡಿದ ಬಿಳುಪು ರೋಗದ ಗುರುತು. ಸುತ್ತಲಿನ ಎಲುಬು, ಕೀಲು, ಕೊಬ್ಬು ಎಲ್ಲವೂ ಒಟ್ಟಿಗೆ ಕಾಣುತ್ತವೆ. ಅಯಸ್ಕಾಂತ ಕ್ಷೇತ್ರಕ್ಕೆ ಎಳೆಗಳು ಸುಮಾರು 55 ಡಿಗ್ರಿ ಓರೆಯಾದರೆ ಇಲ್ಲಿಯೂ ಹುಸಿ ಬಿಳುಪು ಮೂಡುವುದುಂಟು. ಖರ್ಚು ಹೆಚ್ಚು. ನಮ್ಮ ಭಾಗದ ಬಹುಮಂದಿಗೆ ಅದೆಂದರೆ ಬಳ್ಳಾರಿಗೋ ದಾವಣಗೆರೆಗೋ ಪ್ರಯಾಣ, ಒಂದು ದಿನದ ಕೂಲಿಯ ನಷ್ಟ. ಶಸ್ತ್ರಚಿಕಿತ್ಸೆಯ ಆಲೋಚನೆಯಿದ್ದಾಗ, ಅಲ್ಟ್ರಾಸೌಂಡ್ ಸಂದೇಹವನ್ನು ತೀರಿಸದಿದ್ದಾಗ ಅದು ಅವಶ್ಯಕ. ಪ್ರತಿ ಹಿಮ್ಮಡಿ ನೋವಿಗೂ ಅಲ್ಲ. ಅಲ್ಟ್ರಾಸೌಂಡ್ ಯಂತ್ರವನ್ನು ಜಾತ್ರೆಯ ಬಯಲಿಗೇಕೆ ಒಯ್ಯಬಾರದೆಂದು ಕೆಲವರು ಕೇಳುತ್ತಾರೆ. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯಿದೆಯಂತೆ, ಈ ಯಂತ್ರ ನೋಂದಾಯಿತ ಕೇಂದ್ರದಲ್ಲಿಯೇ ಇರಬೇಕು; ಒಯ್ಯಬಲ್ಲ ಯಂತ್ರಗಳ ಮೇಲೆಯೂ 2012ರಿಂದ ಬಿಗಿ ನಿಯಮಗಳಿವೆ. ಹೆಣ್ಣು ಕೂಸನ್ನು ಉಳಿಸಲು ಕಟ್ಟಿದ ಬೇಲಿ ಅದು. ಹಿಮ್ಮಡಿಯವರು ಬೇಲಿ ಬಳಸಿಕೊಂಡು ಆಸ್ಪತ್ರೆಗೆ ನಡೆಯುವುದೇ ಸರಿ.

ಚಿತ್ರವೇ ಅಂತಿಮ ತೀರ್ಪೆಂದು ತಿಳಿಯುವುದೂ ತಪ್ಪು. ನೋವೇ ಇಲ್ಲದ ಎಷ್ಟೋ ಜನರ ರಜ್ಜುವಿನಲ್ಲಿ ಸ್ಕ್ಯಾನಿಂಗ್ ದೋಷ ತೋರಿಸುತ್ತದೆ. ವ್ಯಾಯಾಮದಿಂದ ನೋವು ಮಾಯವಾದ ಮೇಲೂ ಚಿತ್ರ ಹಳೆಯದರಂತೆಯೇ ಉಳಿಯುವುದುಂಟು. ಚಿತ್ರ ಸಾಕ್ಷಿ ಮಾತ್ರ. ಸರಿಯಾದ ಪ್ರಶ್ನೆ ಕೇಳಿದರೆ ಸರಿಯಾದ ಉತ್ತರ ಕೊಡುತ್ತದೆ. ಪ್ರಶ್ನೆ ಕೇಳಬೇಕಾದದ್ದು ವೈದ್ಯರ ಕೈ ಮತ್ತು ಕಿವಿ. ಓಡುವಾಗ ಯಾರೋ ಹಿಂದಿನಿಂದ ಒದ್ದಂತಾಯಿತೆ? ಟಪ್ಪೆಂದು ಸದ್ದಾಯಿತೆ? ಬೋರಲು ಮಲಗಿಸಿ ಮೀನಖಂಡವನ್ನು ಹಿಂಡಿದರೆ ಪಾದ ಕೆಳಕ್ಕೆ ಚಾಚಬೇಕು. ಚಾಚದಿದ್ದರೆ ರಜ್ಜು ಹರಿದಿರುವ ಸಂಭವ ಬಲವಾದುದು. ಈ ಪರೀಕ್ಷೆಗೆ ಕಾಸಿನ ಖರ್ಚಿಲ್ಲ.

ಇದನ್ನು ಒತ್ತಿ ಹೇಳಲು ಕಾರಣವುಂಟು. ಹರಿದವರೂ ಬೇರೆ ಸ್ನಾಯುಗಳ ನೆರವಿನಿಂದ ಕುಂಟುತ್ತ ನಡೆಯಬಲ್ಲರು. ನಡೆಯುತ್ತಾರೆಂಬ ಕಾರಣಕ್ಕೇ ಅದನ್ನು ಉಳುಕೆಂದು ಬಗೆದು, ಎಣ್ಣೆ ತಿಕ್ಕಿಸಿ, ಪಟ್ಟು ಹಾಕಿಸಿ ವಾರಗಳನ್ನು ಕಳೆಯುತ್ತಾರೆ. ಅಷ್ಟರಲ್ಲಿ ಅಗಲಿದ ತುದಿಗಳ ನಡುವೆ ಬಲವಿಲ್ಲದ ಗಾಯದ ಅಂಗಾಂಶ ತುಂಬಿ ರಜ್ಜು ಉದ್ದವಾಗುತ್ತದೆ. ಹೊರೆ ಹೊತ್ತು ಏರಿ ಹತ್ತುವ ಕಸುವು, ಮುಂಗಾಲ ಮೇಲೆ ನಿಲ್ಲುವ ಶಕ್ತಿ ಕುಂದುತ್ತದೆ. ಕಾಲನ್ನೇ ನೆಚ್ಚಿ ಬದುಕುವವನಿಗೆ ಇದು ಸಣ್ಣ ನಷ್ಟವಲ್ಲ. ಮೊದಲ ದಿನಗಳಲ್ಲಿಯೇ ತಿಳಿದರೆ, ಪಾದವನ್ನು ಕೆಳಕ್ಕೆ ಬಾಗಿಸಿ ಪಟ್ಟಿ ಕಟ್ಟಿಯೋ ಹೊಲಿಗೆ ಹಾಕಿಯೋ ಮತ್ತೆ ಕೂಡಿಸಬಹುದು.

ನಮ್ಮ ಭಾಷೆ ಮೂರು ವಸ್ತುಗಳಿಗೆ ಒಂದೇ ಹೆಸರಿಟ್ಟಿರಲಿ, ಅದು ಭಾಷೆಯ ಸ್ವಭಾವ. ವೈದ್ಯರ ಮುಂದೆ ಕುಳಿತಾಗ ಮಾತ್ರ ‘ನರ ಹಿಡಿದಿದೆ’ ಎಂದಷ್ಟೇ ಹೇಳಿ ಸುಮ್ಮನಾಗದೆ, ನೋವು ಎಂದು, ಎಲ್ಲಿ, ಹೇಗೆ ಬಂದಿತೆಂಬುದನ್ನೆಲ್ಲ ವಿವರವಾಗಿ ಹೇಳೋಣ. ಯಂತ್ರ ಬರೆಯುವ ಚಿತ್ರಕ್ಕೆ ಅರ್ಥ ಬರುವುದು ಆ ಮಾತಿನಿಂದಲೇ.